ಬಿದಿರಿನ ಗಳ ಮತ್ತು ನಮ್ಮ ಹೆಗಲು: ನಮ್ಮ ಗಂಡಸರ ಮನಸ್ಸಿನ ಆರೈಕೆ ಕುರಿತು


*ಇಂದಿನ ಧಮ್ಮ ಚಿಂತನೆ, ಹಲಸಿಯ ನಮ್ಮ ಅಧ್ಯಯನ ಬಳಗದಿಂದ*



ಇವತ್ತಿನದು ಸ್ವಲ್ಪ ಉದ್ದ ಇದೆ. ಒಂದೇ ಸಲಕ್ಕೆ ಓದಲು ಆಗದಿದ್ದರೆ ಸಂಜೆಗೆ ಇಟ್ಟುಕೊಳ್ಳಿರಿ. ಆದರೆ ಓದದೆ ಮುಂದಿನ ಗುಂಪಿಗೆ ಕಳಿಸಬೇಡಿರಿ.

ಮೈತ್ರಿ ಭಾವನೆಯನ್ನು ಯಾರಿಂದ ಶುರು ಮಾಡಬೇಕು ಎಂಬುದಕ್ಕೆ ಆಚಾರ್ಯ ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಒಂದು ಕ್ರಮ ಹೇಳಿದ್ದಾರೆ. ಮೊದಲು ತನಗೆ, ಆಮೇಲೆ ತನಗೆ ಪ್ರಿಯರಾದವರಿಗೆ, ಆಮೇಲೆ ಬೇಕೂ ಇಲ್ಲದ ಬೇಡವೂ ಇಲ್ಲದ ಪರಿಚಯದವರಿಗೆ, ಕೊನೆಗೆ ವೈರಿಗೆ. ತನ್ನಿಂದ ಯಾಕೆ ಶುರು ಎಂದರೆ, ನನಗೆ ಸುಖ ಬೇಕು ಎಂಬುದು ನನಗೆ ಗೊತ್ತಿದ್ದರೆ ತಾನೇ ಇನ್ನೊಬ್ಬನಿಗೂ ಅದು ಬೇಕು ಎಂದು ಗೊತ್ತಾಗುವುದು. ತಾನೇ ಸಾಕ್ಷಿ. ಆದರೆ ನಮ್ಮ ಭಾನುವಾರದ ಕೂಟದಲ್ಲಿ ಇದನ್ನು ಮಾಡಿಸುವಾಗ ನಾನು ಗಮನಿಸಿದ್ದೇನೆ: ಹೆಣ್ಣುಮಕ್ಕಳು ಹೇಗೋ ಹೇಳುತ್ತಾರೆ, ಗಂಡಸರು ಮೊದಲನೆಯ ಮೆಟ್ಟಿಲನ್ನೇ ಹಾರಿಬಿಡುತ್ತಾರೆ. ನೇರ ತಾಯಿಗೆ ಹೋಗುತ್ತಾರೆ, ಮಕ್ಕಳಿಗೆ ಹೋಗುತ್ತಾರೆ, ಸಮಾಜಕ್ಕೆ ಹೋಗುತ್ತಾರೆ. ತನಗೆ ಒಳ್ಳೆಯದಾಗಲಿ ಎಂದು ಬಾಯಿ ಬಿಟ್ಟು ಹೇಳು ಅಂದರೆ ನಗುತ್ತಾರೆ. ಒಬ್ಬ ಹಿರಿಯರು ಹೇಳಿದರು: "ನಂದೇನೈತ್ರಿ ಸರ, ಮಕ್ಕಳು ಚೆಂದ ಇದ್ರ ಸಾಕು."

ಇದು ವಿನಯ ಎಂದು ನಾವು ತಿಳಿದುಕೊಂಡಿದ್ದೇವೆ. ನನ್ನ ಅನುಮಾನ ಬೇರೆ. ನಾನು 31 ವರ್ಷ ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿ ಖಾನಾಪುರ ತಾಲೂಕಿನ ಹಳ್ಳಿಗಳನ್ನು ಸುತ್ತಿದವನು. ಜ್ವರ ಬಂದವರ ರಕ್ತಲೇಪನ ತೆಗೆದುಕೊಂಡು, ಬಾವಿಗೆ ಔಷಧ ಹಾಕಿಕೊಂಡು, ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ಮನೆ ಮನೆ ತಿರುಗಿದ್ದೇನೆ. ಕೇರಿಯ ಗಂಡಸರನ್ನು ಹೇಗಿದ್ದೀರಿ ಎಂದು ಕೇಳಿದರೆ ಒಂದೇ ಉತ್ತರ: "ಆರಾಮ ಅದೀನ್ರಿ." ಮೈ ಕೆಂಡದ ಹಾಗೆ ಸುಡುತ್ತಿರುತ್ತದೆ, ಆರಾಮ. ಮಗ ತೀರಿಕೊಂಡು ತಿಂಗಳಾಗಿರುವುದಿಲ್ಲ, ಆರಾಮ. ಈ ಆರಾಮ ಎಂಬ ಶಬ್ದ ಪಾಲಿಯಲ್ಲೂ ಇದೆ. ಅಲ್ಲಿ ಅದಕ್ಕೆ ತೋಟ, ವಿಹಾರ ಎಂದರ್ಥ. ಅನಾಥಪಿಂಡಿಕ ಗೃಹಪತಿ ಸಾವತ್ಥಿಯಲ್ಲಿ ಜೇತವನವನ್ನು ಕೊಂಡು ಭಗವಾನ್ ಬುದ್ಧರಿಗೂ ಸಂಘಕ್ಕೂ ಕೊಟ್ಟನಲ್ಲ, ಅದು ಆರಾಮ. ದಣಿದವರು ಬಂದು ನೆರಳಲ್ಲಿ ಕೂಡುವ ಜಾಗ. ನಮ್ಮ ಗಂಡಸರ ಆರಾಮದಲ್ಲಿ ನೆರಳೂ ಇಲ್ಲ, ಕೂಡಲು ಜಾಗವೂ ಇಲ್ಲ. ಬಂದವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸುವ ಮಾತು ಅದು.

*ಡೊಂಬರಾಟದ ಸುತ್ತ*

ಸಂಯುತ್ತ ನಿಕಾಯದಲ್ಲಿ ಸೇದಕ ಸುತ್ತ ಎಂಬುದು ಇದೆ. ಸೇದಕ ಎನ್ನುವುದು ಸುಂಭರ ನಾಡಿನ ಒಂದು ಊರು. ಅಲ್ಲಿ ಭಗವಾನರು ಭಿಕ್ಖುಗಳಿಗೆ ಒಂದು ಹಳೆಯ ಕಥೆ ಹೇಳುತ್ತಾರೆ. ನಾವು ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಡೊಂಬರು ಗಳ ಹತ್ತುವುದನ್ನು ನೋಡಿದ್ದೇವಲ್ಲ, ಅಂಥದೇ ಒಬ್ಬ ಆಟದವನ ಕಥೆ. ಅವನಿಗೊಬ್ಬ ಶಿಷ್ಯ, ಹೆಸರು ಮೇದಕಥಾಲಿಕಾ. ಗುರು ಬಿದಿರಿನ ಗಳ ನಿಲ್ಲಿಸಿ, ಶಿಷ್ಯನಿಗೆ ಗಳ ಹತ್ತಿ ತನ್ನ ಹೆಗಲ ಮೇಲೆ ನಿಲ್ಲಲು ಹೇಳುತ್ತಾನೆ. ನಿಂತ ಮೇಲೆ ಗುರು ಒಂದು ಒಪ್ಪಂದ ಮುಂದಿಡುತ್ತಾನೆ: ನೀನು ನನ್ನನ್ನು ಕಾಯಿ, ನಾನು ನಿನ್ನನ್ನು ಕಾಯುತ್ತೇನೆ, ಹೀಗೆ ಆಟ ಮುಗಿಸಿ ಕಾಸು ಪಡೆದು ಸುರಕ್ಷಿತ ಇಳಿಯೋಣ ಎಂದು. ಕೇಳಲು ಎಷ್ಟು ಚೆಂದ ಇದೆ. ಆದರೆ ಶಿಷ್ಯ ಒಪ್ಪುವುದಿಲ್ಲ. ಹಾಗಲ್ಲ, ನೀನು ನಿನ್ನ ತೋಲ ನೋಡಿಕೋ, ನಾನು ನನ್ನ ತೋಲ ನೋಡಿಕೊಳ್ಳುತ್ತೇನೆ, ಆಗ ಇಬ್ಬರೂ ಬೀಳುವುದಿಲ್ಲ ಎನ್ನುತ್ತಾನೆ.

ಭಗವಾನರು ಶಿಷ್ಯನ ಮಾತನ್ನೇ ಸರಿ ಎಂದರು. ಯಾಕೆ ಸರಿ ಎಂಬುದನ್ನು ಗಳದ ಕೆಳಗಿನವನ ಕಡೆಯಿಂದ ನೋಡಿರಿ. ಅವನು ಕತ್ತು ಎತ್ತಿ ಮೇಲಿನವನನ್ನೇ ನೋಡುತ್ತ ನಿಂತರೆ ಅವನ ಕಾಲು ಅಲುಗುತ್ತದೆ. ಕಾಲು ಅಲುಗಿದರೆ ಮೇಲಿನವನು ಬೀಳುತ್ತಾನೆ. ಮೇಲಿನವನ ಮೇಲೆ ಪ್ರೀತಿ ಇಲ್ಲದ್ದಕ್ಕೆ ಅಲ್ಲ, ಪ್ರೀತಿ ಇದ್ದೂ ಬೀಳಿಸುತ್ತಾನೆ.

ಆದರೆ ಭಗವಾನರು ಅಲ್ಲಿಗೆ ನಿಲ್ಲಿಸಲಿಲ್ಲ. ಅರ್ಧಕ್ಕೇ ಓದಿದವರು ಇದನ್ನು ಸ್ವಾರ್ಥದ ಪಾಠ ಮಾಡಿಬಿಡುತ್ತಾರೆ. ತನ್ನನ್ನು ಕಾಯುವವನು ಇತರರನ್ನೂ ಕಾಯುತ್ತಾನೆ, ಇತರರನ್ನು ಕಾಯುವವನು ತನ್ನನ್ನೂ ಕಾಯುತ್ತಾನೆ ಎಂದು ಎರಡನ್ನೂ ಸೇರಿಸಿದರು. ಮೊದಲನೆಯದು ಸಾಧನೆಯಿಂದ, ಸ್ಮೃತಿಯಿಂದ ಆಗುತ್ತದೆ. ಎರಡನೆಯದು ತಾಳ್ಮೆ, ಅಹಿಂಸೆ, ಮೈತ್ರಿ, ಕರುಣೆಯಿಂದ.

ಇದನ್ನು ಹೇಳಿದಾಗ ನಮ್ಮ ಕಾಲೇಜು ಹುಡುಗನೊಬ್ಬ ಕೇಳಿದ: "ಕಾಕಾ, ನಾವು ಅನತ್ತ ಅಂತೀವಿ. ನಾನು ಅನ್ನೋದ ಇಲ್ಲ ಅಂದಮ್ಯಾಲ ಯಾರನ್ನ ಕಾಯೋದು?" ಒಳ್ಳೆಯ ಪ್ರಶ್ನೆ. ನಾನು ಕೇಳಿದೆ, ತಮ್ಮಾ, ಹಾಗಾದ್ರ ನಿನ್ನೆ ಹಸಿವಾಗಿದ್ದು ಯಾರಿಗೆ? ಬದಲಾಗುತ್ತಲೇ ಇರುವ ಈ ದೇಹ, ಈ ವೇದನೆ, ಈ ಮನಸ್ಸಿನ ಹರಿವು ಇದೆಯಲ್ಲ, ಅದಕ್ಕೇ ಅನ್ನ ಬೇಕು, ಅದಕ್ಕೇ ನಿದ್ದೆ ಬೇಕು. ಅಜರಾಮರ ಆತ್ಮವಾಗಿದ್ದರೆ ಆರೈಕೆ ಬೇಕಾಗುತ್ತಿರಲಿಲ್ಲ. ಕೆಡುವ ವಸ್ತು ಆದ್ದರಿಂದಲೇ ನೋಡಿಕೊಳ್ಳಬೇಕು.

*ಗಟ್ಟಿತನ ಎಲ್ಲಿಂದ ಬಂತು*

ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬಾರದು ಎಂಬ ಗಾದೆ ನಮ್ಮಲ್ಲಿದೆ. ಒಂದೇ ಏಟಿಗೆ ಇಬ್ಬರಿಗೂ ಬಡಿಯುವ ಗಾದೆ. ಎಲ್ಲ ಜಾತಿಯ ಗಂಡಸರಿಗೂ ಅದು ಅನ್ವಯಿಸುತ್ತದೆ. ಆದರೆ ನಮ್ಮ ಗಂಡಸರ ಗಟ್ಟಿತನಕ್ಕೆ ಇನ್ನೊಂದು ಪದರ ಇದೆ. ಹೊರಗೆ ತಲೆ ಬಗ್ಗಿಸಿ ನಿಲ್ಲಬೇಕಿತ್ತು. ಬೈದರೆ ಸಹಿಸಬೇಕಿತ್ತು. ಮುಖದಲ್ಲಿ ಸಿಟ್ಟು ಕಂಡರೆ ಏಟು, ದುಃಖ ಕಂಡರೆ ನಗೆ. ಹಾಗಾಗಿ ಮುಖದಲ್ಲಿ ಏನೂ ಕಾಣದಂತೆ ಇರುವುದನ್ನು ನಮ್ಮ ಅಜ್ಜಂದಿರು ಕಲಿತರು. ಅದು ಅವರ ರಕ್ಷಣೆಯಾಗಿತ್ತು, ದೌರ್ಬಲ್ಯವಲ್ಲ. ಕಷ್ಟ ಏನೆಂದರೆ ಆ ಮುಖ ಮನೆಗೂ ಬಂತು, ಹೆಂಡತಿಯ ಮುಂದೂ ಅದೇ ಮುಖ, ಮಕ್ಕಳ ಮುಂದೂ ಅದೇ.

ಹಲಸಿಗೆ ಹೊರಗಿನವರು ಬರುತ್ತಾರೆ. ಕದಂಬರ ಕಾಲದ ಪಲಾಶಿಕಾ ಇದೇ, ತಾಮ್ರಪಟಗಳು ಸಿಕ್ಕಿದ್ದು ಇಲ್ಲಿಯೇ, ಭೂವರಾಹ ನರಸಿಂಹನ ಗುಡಿ ಇಲ್ಲಿದೆ ಎಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಂಥ ಕಲ್ಲುಗಳನ್ನು ಹೊತ್ತವರು ಯಾರು ಎಂದು ತಾಮ್ರಪಟಗಳು ಹೇಳುವುದಿಲ್ಲ. ಹೊರುವುದು ಇವತ್ತಿಗೂ ಮುಗಿದಿಲ್ಲ, ಜಾಗ ಬದಲಾಗಿದೆ ಅಷ್ಟೇ. ನಮ್ಮ ಭಾಗದ ಹುಡುಗರು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕಾಯ್ದ ಕಬ್ಬಿಣದ ಮುಂದೆ ನಿಲ್ಲುತ್ತಾರೆ, ಗೋವಾದಲ್ಲಿ ಸೆಂಟ್ರಿಂಗ್ ಕಟ್ಟುತ್ತಾರೆ, ಕಬ್ಬಿನ ಹಂಗಾಮಿನಲ್ಲಿ ಟೋಳಿಯ ಜೊತೆ ಹೋಗುತ್ತಾರೆ. ಓದಿ ನೌಕರಿ ಹಿಡಿದವರಿಗೆ ಇನ್ನೊಂದು ಥರದ ಭಾರ. ಮೀಸಲಾತಿಯವನು ಎಂಬ ಪಿಸುಮಾತು ಕೇಳಿಸಬಾರದು ಎಂದು ಇಬ್ಬರ ಕೆಲಸ ಒಬ್ಬನೇ ಮಾಡುತ್ತಾನೆ. ತಪ್ಪು ಮಾಡುವ ಹಕ್ಕು ಅವನಿಗೆ ಇಲ್ಲ. ಇತರರ ತಪ್ಪು ಅವರೊಬ್ಬರ ತಪ್ಪು, ನಮ್ಮವನ ತಪ್ಪು ಇಡೀ ಜಾತಿಯ ತಪ್ಪು.

ಈ ದುಪ್ಪಟ್ಟು ದುಡಿಮೆಯ ಬಗ್ಗೆ ಅಮೆರಿಕದ ಕಪ್ಪು ಜನರಲ್ಲಿ ಒಂದು ಅಧ್ಯಯನ ನಡೆದಿದೆ. ಅವರನ್ನು ನಮ್ಮ ಚಿಂತನೆಗೆ ಎಳೆದು ತರುವುದು ಹೊಸದೇನಲ್ಲ. ಬಾಬಾಸಾಹೇಬರೇ 1946ರಲ್ಲಿ ಕಪ್ಪು ಜನರ ವಿದ್ವಾಂಸ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬೈಯ ನಮ್ಮ ಹುಡುಗರು ಕಟ್ಟಿದ ದಲಿತ ಪ್ಯಾಂಥರ್‌ಗೆ ಹೆಸರು ಬಂದದ್ದೂ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳಿಂದ.

ಅಲ್ಲಿ ಜಾನ್ ಹೆನ್ರಿ ಎಂಬ ಜನಪದ ವೀರನ ಕಥೆ ಇದೆ. ರೈಲು ಸುರಂಗಕ್ಕೆ ಬಂಡೆ ಕೊರೆಯುವ ಕಪ್ಪು ಕೂಲಿಯವನು. ಹಬೆಯ ಯಂತ್ರದ ಜೊತೆ ಪಂದ್ಯ ಕಟ್ಟಿ, ಸುತ್ತಿಗೆಯಿಂದಲೇ ಅದನ್ನು ಸೋಲಿಸಿ, ಗೆದ್ದ ಜಾಗದಲ್ಲೇ ಸುತ್ತಿಗೆ ಹಿಡಿದು ಸತ್ತನಂತೆ. ಶೆರ್ಮನ್ ಜೇಮ್ಸ್ ಎಂಬ ಕಪ್ಪು ಜನಾಂಗದ ಸಾಂಕ್ರಾಮಿಕ ರೋಗಶಾಸ್ತ್ರ ತಜ್ಞರು ಉತ್ತರ ಕ್ಯಾರೊಲೈನಾದಲ್ಲಿ ಒಬ್ಬ ಮುದುಕ ರೈತನನ್ನು ಭೇಟಿಯಾದರು. ಆ ರೈತನ ಹೆಸರೂ ಜಾನ್ ಹೆನ್ರಿ, ಜಾನ್ ಹೆನ್ರಿ ಮಾರ್ಟಿನ್. ಎರಡನೆಯ ಇಯತ್ತೆ ದಾಟದವನು, ಓದು ಬರಹ ತಾನೇ ಕಲಿತವನು. ಪಾಲಿಗೆ ಹೊಲ ಮಾಡಿ ಸಾಲದಲ್ಲಿ ಮುಳುಗಿದ್ದ ಮನೆತನದಿಂದ ಬಂದು, ಹಗಲು ರಾತ್ರಿ ದುಡಿದು, 40 ವರ್ಷ ತುಂಬುವುದರೊಳಗೆ 75 ಎಕರೆ ಸ್ವಂತ ಜಮೀನು ಮಾಡಿದ. ನಮ್ಮ ಕೇರಿಯಲ್ಲಾಗಿದ್ದರೆ ಅವನಿಗೆ ಸನ್ಮಾನ ಮಾಡಿ ಶಾಲು ಹೊದಿಸುತ್ತಿದ್ದೆವು. 60 ಆಗುವ ಮೊದಲೇ ಅವನಿಗೆ ರಕ್ತದೊತ್ತಡ, ಸಂಧಿವಾತ, ಹೊಟ್ಟೆಯ ಹುಣ್ಣು. ಹುಣ್ಣು ಎಂಥದೆಂದರೆ ಜಠರದ ಶೇಕಡಾ 40 ಭಾಗ ಕತ್ತರಿಸಿ ತೆಗೆಯಬೇಕಾಯಿತು.

ಜೇಮ್ಸ್ ಅವರು 1983ರಿಂದ ಈ ಸ್ವಭಾವಕ್ಕೆ ಜಾನ್ ಹೆನ್ರಿಯ ಹೆಸರನ್ನೇ ಇಟ್ಟು ಅಭ್ಯಾಸ ಮಾಡಿದರು. ಕೈಯಲ್ಲಿ ಸೌಲಭ್ಯ ಇಲ್ಲದೆ, ಎದುರಿನ ಗೋಡೆಯನ್ನು ಬರೀ ಮೈಬಲದಿಂದ ತಳ್ಳುತ್ತಲೇ ಇರುವವನ ರಕ್ತದೊತ್ತಡ ಏರುತ್ತದೆ ಎಂಬುದು ಅವರ ವಾದ. ನಂತರದ ಎಲ್ಲ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ, ಅದನ್ನೂ ಹೇಳಬೇಕು. ಆದರೆ ನನ್ನ ಬಿಪಿ ಪಟ್ಟಿ ಸುತ್ತಿದ ತೋಳುಗಳನ್ನು ನೆನೆಸಿಕೊಂಡರೆ ಅವರ ಮಾತು ನನಗೆ ಪರಕೀಯ ಅನ್ನಿಸುವುದಿಲ್ಲ. ಊರಿನಲ್ಲಿ ಅತ್ಯಂತ ಗಟ್ಟಿಯವನು ಎಂದು ಹೆಸರಾದವನ ತೋಳಿನಲ್ಲೇ ಪಾದರಸ 170 ದಾಟಿ ನಿಲ್ಲುತ್ತಿತ್ತು. ಕೆಲವರು ಐವತ್ತರ ಒಳಗೇ ಹೋದರು. ಊರಿನವರು ಹೃದಯಾಘಾತ ಎಂದರು, ಲಕ್ವ ಎಂದರು. ಎಷ್ಟು ವರ್ಷದಿಂದ ನಿದ್ದೆ ಇರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಇನ್ನೊಂದು ಅಲ್ಲಿನದೇ ಸಂಗತಿ, ಇದನ್ನು ಓದಿ ನಾನು ಬಹಳ ಹೊತ್ತು ಕುಳಿತಿದ್ದೆ. ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಜನರ 52 ಕ್ಷೌರದ ಅಂಗಡಿಗಳನ್ನು ಆರಿಸಿ, ರಕ್ತದೊತ್ತಡ ಇದ್ದ 319 ಗಂಡಸರಿಗೆ ಅಂಗಡಿಯಲ್ಲೇ ತಪಾಸಣೆ ಮಾಡಿಸಿದರು. ಅರ್ಧದಷ್ಟು ಅಂಗಡಿಗಳಿಗೆ ಔಷಧ ತಜ್ಞರೇ ಬಂದು ಮಾತ್ರೆ ಕೊಡುತ್ತಿದ್ದರು, ಉಳಿದ ಕಡೆ ಕ್ಷೌರಿಕರು ವೈದ್ಯರ ಹತ್ತಿರ ಹೋಗಲು ಹೇಳುತ್ತಿದ್ದರು. ಆರು ತಿಂಗಳಲ್ಲಿ ಮೊದಲಿನವರ ಮೇಲಿನ ಅಂಕಿ ಸರಾಸರಿ 27 ಇಳಿಯಿತು, ಎರಡನೆಯವರದು 9. ಇದು 2018ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ಹೋಗದ ಗಂಡಸು ತನ್ನನ್ನು ಮುಟ್ಟಿ ಮಾತನಾಡಿಸುವವನು ಇರುವಲ್ಲಿಗೆ ಹೋಗುತ್ತಾನೆ ಎಂದಾಯಿತು.

ನನ್ನ ತಂದೆ ನಮ್ಮ ಕೂದಲನ್ನು ಮನೆಯ ಹಿತ್ತಲಲ್ಲಿ ತಾವೇ ಕತ್ತರಿಸುತ್ತಿದ್ದರು. ಆಗ ನಾವಿದ್ದ ಊರಿನಲ್ಲಿ ಅಂಗಡಿಗೆ ಹೋಗುವ ಹಾಗಿರಲಿಲ್ಲ. ಕತ್ತರಿ ಮೊಂಡ, ಕೂದಲು ಜಗ್ಗುತ್ತಿತ್ತು, ನಾನು ಅತ್ತರೆ ತಲೆ ಅಲುಗಿಸಬೇಡ ಅನ್ನುತ್ತಿದ್ದರು. ಕಪ್ಪು ಗಂಡಸರಿಗೆ ಮನಸ್ಸು ಬಿಚ್ಚಲು ಸಿಕ್ಕ ಆ ಕುರ್ಚಿ ನಮ್ಮ ತಂದೆಯರಿಗೆ ಸಿಗಲಿಲ್ಲ. ಕುರ್ಚಿ ಅಂದರೆ ಕುರ್ಚಿ ಅಲ್ಲ, ಗೊತ್ತಾಯಿತಲ್ಲ. ಹಾಗಾದರೆ ನಮ್ಮ ಗಂಡಸರು ಎಲ್ಲಿ ಕೂಡಬೇಕು? ವಿಹಾರದಲ್ಲಿ, ಇಂಥ ಬಳಗಗಳಲ್ಲಿ ಕೂಡಲಾಗದಿದ್ದರೆ ಮತ್ತೆಲ್ಲಿ?

*ಬಾಬಾಸಾಹೇಬರು ಬರೆದ ಒಂದು ಪತ್ರ*

ನಮ್ಮ ಮನೆಗಳ ಗೋಡೆಯ ಮೇಲೆ ಬಾಬಾಸಾಹೇಬರು ನೀಲಿ ಕೋಟು ಹಾಕಿ, ಬೆರಳು ಎತ್ತಿ, ಸಂವಿಧಾನ ಹಿಡಿದು ನಿಂತಿದ್ದಾರೆ. ಆ ಚಿತ್ರ ನಮಗೆ ಬೇಕು. ಆದರೆ ಆ ಒಂದೇ ಚಿತ್ರ ನೋಡಿ ಬೆಳೆದ ಹುಡುಗನಿಗೆ ಅವರು ಕುಸಿದು ಕೂತ ದಿನಗಳೂ ಇದ್ದವು ಎಂಬುದು ಗೊತ್ತೇ ಆಗುವುದಿಲ್ಲ.

1925ರಲ್ಲಿ ಅವರು ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು. ಅದರ ಮರುವರ್ಷ, 1926ರ ಜುಲೈನಲ್ಲಿ, ಅವರ ಮಗ ರಾಜರತ್ನ ತೀರಿಕೊಂಡ. ಅದು ಮೊದಲನೆಯ ಸಾವಲ್ಲ. ಗಂಗಾಧರ, ರಮೇಶ, ಇಂದು, ಈಗ ರಾಜರತ್ನ. ನಾಲ್ಕು ಮಕ್ಕಳನ್ನು ಕಳೆದುಕೊಂಡು ಉಳಿದದ್ದು ಯಶವಂತ ಒಬ್ಬನೇ. ಆಗ ಬಾಬಾಸಾಹೇಬರಿಗೆ 35 ವರ್ಷ. ಕೊಲಂಬಿಯಾ, ಲಂಡನ್ ಎರಡೂ ಮುಗಿಸಿ ಬಂದ ಬ್ಯಾರಿಸ್ಟರ್. ಅವರು ಮುಖ ಗಟ್ಟಿ ಮಾಡಿಕೊಂಡು ಆರಾಮ ಅದೀನಿ ಅನ್ನಲಿಲ್ಲ. ಮರುತಿಂಗಳು ಕೊಲ್ಹಾಪುರದ ಗೆಳೆಯ ದತ್ತೋಬಾ ಪವಾರರಿಗೆ ಪತ್ರ ಬರೆದರು. ಮಗನ ಸಾವಿನ ಪೆಟ್ಟಿನಿಂದ ತಾನೂ ಹೆಂಡತಿಯೂ ಚೇತರಿಸಿಕೊಂಡಿದ್ದೇವೆ ಎಂದು ನಟಿಸಲಾರೆ, ಆಗುವಂತೆಯೂ ಕಾಣುವುದಿಲ್ಲ ಎಂಬ ಧಾಟಿಯ ಪತ್ರ ಅದು. ಮಕ್ಕಳನ್ನು ಮಣ್ಣು ಮಾಡಿದ್ದನ್ನು ಲೆಕ್ಕ ಹಾಕಿ ಬರೆದಿದ್ದಾರೆ. ಬಾಳು ರುಚಿ ಕಳೆದುಕೊಂಡಿದೆ ಎಂದು ಬರೆದಿದ್ದಾರೆ. ಇಂಥದನ್ನು ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ, ನೂರು ವರ್ಷದ ಹಿಂದೆ, ಕಾಗದದ ಮೇಲೆ ಸಹಿ ಹಾಕಿ ಕಳಿಸಿದ್ದಾನೆ.

ಪತ್ರ ಬರೆದು ಏಳು ತಿಂಗಳಿಗೆ, 1927ರ ಮಾರ್ಚ್ 20ರಂದು, ಅವರು ಮಹಾಡದ ಚೌಡಾರ ಕೆರೆಯ ನೀರು ಮುಟ್ಟಿದರು. ಅತ್ತದ್ದರಿಂದಲೇ ಹೋರಾಡಿದರು ಎಂದು ನಾನು ಹೇಳುವುದಿಲ್ಲ, ಅಂಥ ಲೆಕ್ಕ ಯಾರಿಗೂ ಗೊತ್ತಿಲ್ಲ. ಅತ್ತವರು ಹೋರಾಡಲಾರರು ಎಂಬುದು ಸುಳ್ಳು, ಇಷ್ಟು ಹೇಳಬಹುದು.

ಮುಂದೆಯೂ ಅಷ್ಟೇ. 1935ರ ಮೇ 27ರಂದು ರಮಾಬಾಯಿ ಹೋದಾಗ ಕೋಣೆ ಸೇರಿ ಅತ್ತರು. ಪಾಕಿಸ್ತಾನದ ಬಗ್ಗೆ ಬರೆದ ದೊಡ್ಡ ರಾಜಕೀಯ ಪುಸ್ತಕವನ್ನು ಅರ್ಪಿಸಿದ್ದು ಆ ತಾಯಿಗೆ. ಸಕ್ಕರೆ ಕಾಯಿಲೆ, ನರದ ನೋವು ಎಲ್ಲ ಸೇರಿ ಮೈ ಸೋತಾಗ ವೈದ್ಯರ ಮಾತು ಕೇಳಿದರು. 1948ರಲ್ಲಿ ಮದುವೆಯಾದ ಸವಿತಾ ಅವರೂ ವೈದ್ಯೆಯೇ. ಬುದ್ಧ ಮತ್ತು ಆತನ ಧಮ್ಮ ಗ್ರಂಥಕ್ಕೆ ಬರೆದು, ಆಗ ಅಚ್ಚಾಗದೆ ಉಳಿದ ಮುನ್ನುಡಿಯಲ್ಲಿ ತನ್ನನ್ನು ಉಳಿಸಿದ ಹೆಂಡತಿಗೂ ಡಾಕ್ಟರ್ ಮಾಳವಣಕರರಿಗೂ ಕೃತಜ್ಞತೆ ಹೇಳಿದ್ದಾರೆ. ನಾಯಿ ಸಾಕಿದರು, ಗಿಡ ಬೆಳೆಸಿದರು, ವಯಸ್ಸಾದ ಮೇಲೆ ಪಿಟೀಲು ಕಲಿಯಲು ಕುಳಿತರು. ಇಡೀ ದೇಶದ ಶೋಷಿತರ ಭಾರ ಹೊತ್ತವರಿಗೆ ಪಿಟೀಲಿಗೆ ಸಮಯವಿತ್ತು. ನಮಗೆ ಸಂಜೆ ಹತ್ತು ನಿಮಿಷ ಹೊಲದ ಬದುವಿನ ಮೇಲೆ ಕೂಡಲು ಪುರುಸೊತ್ತಿಲ್ಲವಂತೆ!

*ಎರಡು ಬಾಣ*

ಸಲ್ಲತ್ಥ ಸುತ್ತದ ಎರಡು ಬಾಣಗಳ ಮಾತು ಎಲ್ಲರಿಗೂ ಗೊತ್ತು. ಮೊದಲ ಬಾಣ ಮೈಗೆ ನಾಟುತ್ತದೆ, ಅರಿಯದವನು ಅದರ ಮೇಲೆ ಗೋಳಾಡಿ ಎರಡನೆಯ ಬಾಣವನ್ನು ಮನಸ್ಸಿಗೂ ನಾಟಿಸಿಕೊಳ್ಳುತ್ತಾನೆ. ಇದನ್ನು ಹೇಳುವ ಕೆಲವು ಧ್ಯಾನದ ಗುರುಗಳು ನಮ್ಮವರ ಮುಂದೆ ಒಂದು ಅಪಾಯದ ಮಾತು ಆಡುತ್ತಾರೆ. ಜಾತಿಯ ನೋವು ನಿಮ್ಮ ಮನಸ್ಸಿನಲ್ಲಿದೆ, ಬಿಟ್ಟುಬಿಡಿ ಎಂದು. ಇದನ್ನು ನಾನು ಒಪ್ಪುವುದಿಲ್ಲ. ಮೊದಲ ಬಾಣ ತಾನಾಗಿ ಹಾರಿ ಬರಲಿಲ್ಲ, ಯಾರೋ ಬಿಟ್ಟದ್ದು. ಅದಕ್ಕೆ ಕಾನೂನು ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಸಂಘಟನೆ ಇದೆ. ದುಃಖವೇ ಎಲ್ಲ ಎಂಬಂತೆ ಧಮ್ಮವನ್ನು ಹೇಳಿದರೆ ಜನರಿಗೆ ಭರವಸೆ ಎಲ್ಲಿಂದ ಎಂದು ಬಾಬಾಸಾಹೇಬರೇ ತಮ್ಮ ಗ್ರಂಥದ ಪೀಠಿಕೆಯಲ್ಲಿ ಪ್ರಶ್ನೆ ಎತ್ತಿದ್ದಾರೆ.

ನಮ್ಮ ಕೈಯಲ್ಲಿರುವುದು ಎರಡನೆಯದು. ಗಂಡಸಿನ ಎರಡನೆಯ ಬಾಣ ಗೋಳಾಟವಾಗಿ ಕಾಣುವುದು ಕಡಿಮೆ. ಅದು ಸಿಟ್ಟಾಗಿ ಬರುತ್ತದೆ, ಊಟದ ತಾಟು ತಳ್ಳುವುದಾಗಿ ಬರುತ್ತದೆ, ಬೆನ್ನು ನೋವು, ಎದೆ ಉರಿ, ನಡುರಾತ್ರಿ ಮೂರಕ್ಕೆ ಎಚ್ಚರವಾಗುವುದಾಗಿ ಬರುತ್ತದೆ. ಮಾಲೀಕನ ಮೇಲಿನ ಸಿಟ್ಟು ಮನೆಯಲ್ಲಿ ಹೆಂಡತಿಯ ಮೈಮೇಲೆ ಇಳಿದರೆ ಅದು ಆರೈಕೆಯೂ ಅಲ್ಲ, ಕ್ಷಮಿಸುವಂಥದೂ ಅಲ್ಲ. ಕಪ್ಪು ಜನಾಂಗದ ಲೇಖಕಿ ಬೆಲ್ ಹುಕ್ಸ್ 2004ರಲ್ಲಿ ತಮ್ಮ ಗಂಡಸರ ಬಗ್ಗೆಯೇ ಒಂದು ಪುಸ್ತಕ ಬರೆದರು. ಅವರಿಗೂ ಬೌದ್ಧ ಸಾಧನೆಯ ನಂಟಿತ್ತು. ಬಿಳಿಯರ ದಬ್ಬಾಳಿಕೆಯನ್ನು ಹೇಳಿದಷ್ಟೇ ಗಟ್ಟಿಯಾಗಿ, ಗಂಡಸುತನ ಎಂದರೆ ಯಜಮಾನಿಕೆ ಎಂಬ ನಂಬಿಕೆ ಗಂಡಸನ್ನೇ ತಿನ್ನುತ್ತದೆ ಎಂದೂ ಹೇಳಿದರು.

ಇನ್ನು ಕುಡಿತ. ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು, ಕುಡಿತ ನಿಲ್ಲಲಿಲ್ಲ, ಪಾಕೀಟು ಹೋಗಿ ಡಬ್ಬಿ ಬಂತು. ಐದನೆಯ ಶೀಲ ನಮಗೆಲ್ಲ ಬಾಯಿಪಾಠ. 22 ಪ್ರತಿಜ್ಞೆಗಳಲ್ಲೂ ಅದು ಇದೆ. ಆದರೆ ಕುಡಿಯುವವನನ್ನು ಕೂಟದಲ್ಲಿ ನಿಲ್ಲಿಸಿ ನಾಚಿಸುವ ನಮ್ಮ ಪದ್ಧತಿ ನನಗೆ ಸೇರುವುದಿಲ್ಲ. ಅವನು ಕುಡಿತ ಬಿಡುವುದಿಲ್ಲ, ಕೂಟ ಬಿಡುತ್ತಾನೆ. ನಿದ್ದೆಗೆಂದು ಕುಡಿಯುತ್ತಾನೋ, ಮೈಕೈ ನೋವಿಗೆಂದೋ, ಮರೆಯಲೆಂದೋ ಎಂದು ಒಮ್ಮೆ ಕೇಳಿ ನೋಡಿರಿ. ಶೀಲ ಹೇಳುವುದು ಆಮೇಲೆ.

*ಗೋವಾದಿಂದ ಬಂದ ಫೋನು*

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ಇದೆ. ನಮ್ಮ ಬಳಗದ ಒಬ್ಬ ತಮ್ಮ, ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು, ಕಳೆದ ಮಳೆಗಾಲದಲ್ಲಿ ರಾತ್ರಿ ಹನ್ನೊಂದರ ಮೇಲೆ ನನಗೆ ಫೋನ್ ಮಾಡಿದ. ಹೆಸರು ಬೇಡ, ವಿಷಯ ಬರೆಯಿರಿ ಎಂದು ಅವನೇ ಒಪ್ಪಿದ್ದಾನೆ. ತಂಗಿಯ ಮದುವೆಯ ಸಾಲ, ಕೆಲಸದಲ್ಲಿ ಕೂಲಿ ಬಾಕಿ, ತಗಡಿನ ಶೆಡ್ಡಿನಲ್ಲಿ ಹನ್ನೆರಡು ಜನರ ನಡುವೆ ಒಬ್ಬನೇ. ಮಾತು ಮಾತಿಗೆ "ಏನಿಲ್ಲ ಕಾಕಾ, ಸುಮ್ನ ಮಾಡೀನಿ" ಅನ್ನುತ್ತಿದ್ದ. ಸುಮ್ಮನೆ ಯಾರೂ ಆ ಹೊತ್ತಿಗೆ ಫೋನ್ ಮಾಡುವುದಿಲ್ಲ. ನಾನು ನೇರ ಕೇಳಿದೆ, ತಮ್ಮಾ, ಸಾಯಬೇಕು ಅಂತ ಅನಸಾಕತ್ತೈತೇನು? ಬಹಳ ಹೊತ್ತು ಸುಮ್ಮನಿದ್ದ. ತಗಡಿನ ಮೇಲೆ ಮಳೆ ಬೀಳುವ ಸದ್ದು ಅಷ್ಟೇ ಕೇಳುತ್ತಿತ್ತು. ಆಮೇಲೆ ಹೂಂ ಅಂದ.

ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೋಗುತ್ತದೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಇದು ಇಲಾಖೆಯ ತರಬೇತಿಯಲ್ಲೂ ನಮಗೆ ಕಲಿಸಿದ ಮಾತು. ಕೇಳಿದರೆ ಭಾರ ಇಳಿಯುತ್ತದೆ. ಆ ರಾತ್ರಿ ನಾನು ಅವನಿಗೆ ಉಪದೇಶ ಮಾಡಲಿಲ್ಲ. ಪಕ್ಕದಲ್ಲಿ ಮಲಗಿದ ನಮ್ಮ ಭಾಗದ ಇನ್ನೊಬ್ಬನನ್ನು ಎಬ್ಬಿಸಿ ಅವನ ಕೈಗೆ ಫೋನ್ ಕೊಡಲು ಹೇಳಿದೆ, ಬೆಳಗಿನ ತನಕ ಅವನನ್ನು ಒಬ್ಬನೇ ಬಿಡಬೇಡ ಎಂದೆ. ಎರಡು ದಿನಕ್ಕೆ ಅವನು ಊರಿಗೆ ಬಂದ. ಆಸ್ಪತ್ರೆಗೆ ಹೋದೆವು, ಔಷಧ ಶುರುವಾಯಿತು. ಸಾಲ ಇನ್ನೂ ಇದೆ. ಮುಖ ಮಾತ್ರ ಬದಲಾಗಿದೆ, ಈಗ ಸಿಟ್ಟು ಬಂದರೆ ಸಿಟ್ಟು ಕಾಣುತ್ತದೆ, ನಗು ಬಂದರೆ ನಗು.

ಅವನೊಬ್ಬನೇ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ನೂರಕ್ಕೆ ಸುಮಾರು 72 ಗಂಡಸರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ದಿನಗೂಲಿಯವರು. ಓದಿದವರೂ ಇದರಿಂದ ಹೊರಗಿಲ್ಲ. 2016ರ ಜನವರಿ 17 ಅಂದರೆ ನಮಗೆಲ್ಲ ರೋಹಿತ್ ವೇಮುಲ ನೆನಪಾಗುತ್ತಾನೆ.

ವಿನಯಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಯಾರೂ ನೋಡಿರಲಿಲ್ಲ. ಅವನು ಬೇರೆಯವರಿಗೆ ಏನೂ ಮಾಡುತ್ತಿರಲಿಲ್ಲ, ಅದಕ್ಕೆ ಅವರೂ ನೋಡಲಿಲ್ಲವಂತೆ. ಭಗವಾನರು ಆನಂದರಿಂದ ನೀರು ತರಿಸಿ, ತಾವು ನೀರು ಸುರಿದರು, ಆನಂದರು ತೊಳೆದರು. ಒಬ್ಬರು ತಲೆಯ ಕಡೆ, ಒಬ್ಬರು ಕಾಲ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಭಿಕ್ಖುಗಳನ್ನು ಕರೆದು, ನಿಮಗಿಲ್ಲಿ ತಾಯಿ ತಂದೆ ಇಲ್ಲ, ನೀವು ಒಬ್ಬರನ್ನೊಬ್ಬರು ನೋಡದಿದ್ದರೆ ಯಾರು ನೋಡಬೇಕು ಎಂದು ಕೇಳಿದರು. ತಮಗೆ ಸೇವೆ ಮಾಡಬೇಕೆನ್ನುವವರು ಕಾಯಿಲೆಯವನಿಗೆ ಮಾಡಲಿ ಎಂದರು. ತಗಡಿನ ಶೆಡ್ಡಿನಲ್ಲಿ ಮಲಗುವ ನಮ್ಮ ಹುಡುಗರಿಗೂ ಅಲ್ಲಿ ತಾಯಿಯಿಲ್ಲ, ತಂದೆಯಿಲ್ಲ. ಪಕ್ಕದ ಚಾಪೆಯವನೇ ಸಂಘ.

*ಎಲ್ಲಿ ಹೋಗಬೇಕು*

ಟೆಲಿ ಮನಸ್, ನಂಬರು *14416*. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡ, ಮರಾಠಿ ಎರಡೂ ಅದರ ಭಾಷೆಗಳಲ್ಲಿವೆ, ನಮ್ಮ ಮನೆಗಳಲ್ಲೂ ಎರಡೂ ಇವೆ. ಈ ನಂಬರನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿರಿ, ಬೇಕಾದಾಗ ಹುಡುಕಲು ಆಗುವುದಿಲ್ಲ. ಮನಸ್ಸಿನ ವೈದ್ಯರು ಯಾವ ದಿನ ಸಿಗುತ್ತಾರೆ ಎಂದು ಖಾನಾಪುರದ ತಾಲೂಕು ಆಸ್ಪತ್ರೆಯಲ್ಲಿ ಕೇಳಬಹುದು. ಬೆಳಗಾವಿಯ ಬಿಮ್ಸ್‌ನಲ್ಲಿ ಆ ವಿಭಾಗ ಇದೆ, ಹೆಚ್ಚಿನದಕ್ಕೆ ಧಾರವಾಡದ ಡಿಮ್ಹಾನ್ಸ್ ಇದೆ. ಹುಚ್ಚಾಸ್ಪತ್ರೆ ಎಂದು ಹಳಬರು ಕರೆಯುತ್ತಾರೆ, ಆ ಮಾತನ್ನು ಮನೆಯಲ್ಲಿ ನಿಲ್ಲಿಸಿರಿ. ಸಾಯಲು ಯತ್ನಿಸಿದರೆ ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ತಿಳಿಯಬೇಕು, ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ.

ಕೊಟ್ಟ ಮಾತ್ರೆಯನ್ನು ಸ್ವಲ್ಪ ಹಗುರಾಯಿತು ಎಂದು ನಡುವೆ ಬಿಡಬೇಡಿರಿ. ಧ್ಯಾನ ಮಾಡಿದರೆ ಮಾತ್ರೆ ಬೇಡ ಎಂದು ಯಾರಾದರೂ ಹೇಳಿದರೆ, ಅವರು ಡಾಕ್ಟರರಾ ಎಂದು ಕೇಳಿರಿ. ಆನಾಪಾನ ಬಹಳ ಒಳ್ಳೆಯದು, ನಾನು ದಿನಾ ಮಾಡುತ್ತೇನೆ. ಬಿಪಿ ಮಾತ್ರೆಯನ್ನೂ ದಿನಾ ನುಂಗುತ್ತೇನೆ.

ಬರುವ ಭಾನುವಾರ ವಂದನೆ ಎಂದಿನಂತೆ ಬೆಳಿಗ್ಗೆ ಹತ್ತಕ್ಕೆ. ನಾನು ಒಂಬತ್ತಕ್ಕೇ ಬಿಪಿ ಯಂತ್ರ ತೆಗೆದುಕೊಂಡು ಬಂದಿರುತ್ತೇನೆ. ಮೂವತ್ತು ದಾಟಿದ ಗಂಡಸರು ಎಲ್ಲರೂ ತೋಳು ಕೊಡಬೇಕು, 140ರ ಮೇಲೆ 90 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಸೋಮವಾರ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಹಳೆಯ ಚೀಟಿ, ಮಾತ್ರೆಯ ಪಟ್ಟಿ ಇದ್ದರೆ ತನ್ನಿರಿ. ಸುತ್ತದ ಓದಿನ ನಂತರ ಅರ್ಧ ಗಂಟೆ ಗಂಡಸರಷ್ಟೇ ಹಿಂದಿನ ಮಾವಿನ ಮರದ ಕೆಳಗೆ ಕೂಡೋಣ. ಮಾತನಾಡಲೇಬೇಕು ಎಂದೇನಿಲ್ಲ. ಚಹಾದ ವ್ಯವಸ್ಥೆ ಈ ಸಲ ಗಂಡಸರದೇ, ಹಾಲು ಯಾರು ತರುತ್ತೀರಿ ಎಂದು ಶನಿವಾರದೊಳಗೆ ಇಲ್ಲೇ ಬರೆಯಿರಿ.

ಜೈ ಭೀಮ್. ನಮೋ ಬುದ್ಧಾಯ.